ವಾರ್ತೆಯ ಸಂಥೆ

ಕಳೆದ ಕಾರ್ತಿಕ ಮಾಸದಲ್ಲಿ ಪರಿಚಯದ ಮನೆತನದ ತಾಯಿಯೊಬ್ಬರು ತಮ್ಮ ಮಗನನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದಿದ್ದರು. ಹುಡುಗನು ಕನ್ನಡ ಮಾಧ್ಯಮದಲ್ಲಿ ಓದಿ ಹತ್ತನೆಯ ತರಗತಿಯಲ್ಲಿ ಊರಿಗೇ ಮೊದಲಿಗನಾದವನು. ಪಟ್ಟಣದ ಕಾಲೇಜಿನಲ್ಲಿ ವಿಜ್ಞಾನ ವಿಭಾಗವನ್ನು ಸೇರಿ ಐದು ತಿಂಗಳಾಗಿತ್ತು. “ಶಾಸ್ತ್ರಿಗಳೇ, ಇವ ಕಾಲೇಜು ಬಿಡ್ತೀನಿ ಅಂತಾನ್ರಿ. ಹೊಲಾ ಮಾಡ್ತೀನಂತ. ಹೊಲಾ ಮಾಡೂದು ತಪ್ಪಲ್ಲರಿ, ಆದ್ರ ಅಂಜಿ ತಿರುಗಿ ಬರೂದು ಬ್ಯಾಡ ಅಂತ ನನ್ನ ಮನಸ್ಸು” ಎಂದರು ಆ ತಾಯಿ. ಹುಡುಗನು ಬಹಳ ಹೊತ್ತು ತಲೆ ಎತ್ತಲಿಲ್ಲ. ಕೊನೆಗೆ ತಿಳಿದುದಿಷ್ಟು: ಉಪನ್ಯಾಸಕರು ಕೇಳಿದ ಪ್ರಶ್ನೆಗೆ ಉತ್ತರ ಅವನಿಗೆ ಗೊತ್ತಿತ್ತು, ಎದ್ದು ನಿಂತರೆ ಇಂಗ್ಲಿಷಿನ ಒಂದು ವಾಕ್ಯ ಬಾಯಿಗೆ ಬರಲಿಲ್ಲ, ತರಗತಿಯೆಲ್ಲ ನಕ್ಕಿತು.

ಆ ನಗೆಯನ್ನು ನಾವೂ ಬಲ್ಲೆವು. ನಮಗೆ ನಾಲ್ವತ್ತು ದಾಟಿದ್ದ ಕಾಲದಲ್ಲಿ ಒಂದು ವಿಚಾರಗೋಷ್ಠಿಗೆ ಬಂದಿದ್ದ ಪರದೇಶದ ವಿದ್ವಾಂಸರು ನಮ್ಮ ಶಾಸ್ತ್ರದ ಒಂದು ಪಾರಿಭಾಷಿಕ ಪದದ ಅರ್ಥವನ್ನು ಕೇಳಿದರು. ಆ ಪದವನ್ನು ಕುರಿತು ಎರಡು ಗಂಟೆ ಕನ್ನಡದಲ್ಲಿ ಪ್ರವಚನ ಮಾಡಬಲ್ಲವರು ನಾವು. ಆದರೂ ಮೌನವಾಗಿ ಕುಳಿತೆವು. ಪಕ್ಕದಲ್ಲಿದ್ದವರೊಬ್ಬರು ನಿರರ್ಗಳವಾದ ಇಂಗ್ಲಿಷಿನಲ್ಲಿ ತಪ್ಪು ಅರ್ಥವನ್ನು ಹೇಳಿದರು. ಪಾಪ, ಅತಿಥಿಗಳು ಅದನ್ನೇ ಬರೆದುಕೊಂಡು ಹೋದರು. ನಮಗೆ ಅವಮಾನವಾಯಿತೆಂಬುದಕ್ಕಿಂತ, ಗೊತ್ತಿದ್ದೂ ತಪ್ಪನ್ನು ತಡೆಯಲಾಗಲಿಲ್ಲವೆಂಬುದು ಅಂದಿನಿಂದ ನಮ್ಮನ್ನು ಚುಚ್ಚುತ್ತಲೇ ಬಂದಿದೆ.

ವ್ಯಾಕರಣ ಬಾರದೆ ನಾವು ಮೂಕರಾಗಿರಲಿಲ್ಲ. ಕಾಲಗಳ ಕೋಷ್ಟಕಗಳನ್ನು ಕಂಠಪಾಠ ಮಾಡಿದ್ದೆವು. ಮಠದ ಪಾಠಶಾಲೆಯಲ್ಲಿ ಸಂಸ್ಕೃತವನ್ನು ಕಲಿತ ಬಗೆಯೇ ಬೇರೆ. ಗುರುಗಳು ಒಮ್ಮೆ ಹೇಳುವರು, ನಾವು ಎರಡು ಸಲ ಹೇಳಬೇಕು. ಇದಕ್ಕೆ ಸಂಥೆ ಎನ್ನುತ್ತಿದ್ದೆವು. ಮೊದಲು ಕಿವಿ, ಆಮೇಲೆ ನಾಲಗೆ, ಅನಂತರ ಅರ್ಥ, ಎಲ್ಲಕ್ಕೂ ಕೊನೆಯಲ್ಲಿ ಸೂತ್ರ. ಇಂಗ್ಲಿಷನ್ನು ಮಾತ್ರ ಸೂತ್ರದಿಂದ ತೊಡಗಿ ನಾಲಗೆಗೆ ಬರುವ ಮುನ್ನವೇ ಬಿಟ್ಟುಬಿಡುತ್ತೇವೆ. ಆ ಗೋಷ್ಠಿಯ ಬಳಿಕ ನಾವು ಒಂದು ಟ್ರಾನ್ಸಿಸ್ಟರನ್ನು ಮುಂದಿಟ್ಟುಕೊಂಡು ಆಕಾಶವಾಣಿಯ ವಾರ್ತೆಯನ್ನೇ ಸಂಥೆಯನ್ನಾಗಿ ಮಾಡಿಕೊಂಡೆವು. ಹುಡುಗನಿಗೂ ಅದನ್ನೇ ಹೇಳಿದೆವು.

ವಾರ್ತೆಯೇ ಏಕೆಂದರೆ, ಅದರ ವಿಷಯ ನಮಗೆ ಮೊದಲೇ ಗೊತ್ತಿರುತ್ತದೆ. ಆಲಮಟ್ಟಿ ಜಲಾಶಯದ ಗರಿಷ್ಠ ಮಟ್ಟ 519.60 ಮೀಟರ್ ಎಂಬುದು ಕೃಷ್ಣಾ ತೀರದ ಮನೆಮನೆಗೂ ತಿಳಿದ ಮಾತು. ಮಳೆಗಾಲದಲ್ಲಿ ಒಳಹರಿವು ಎಷ್ಟು, ಹೊರಹರಿವು ಎಷ್ಟು ಎಂಬುದನ್ನು ಕನ್ನಡದಲ್ಲಿ ಮೊದಲು ಕೇಳಬೇಕು. ಅದೇ ಸಂಗತಿಯನ್ನು ಇಂಗ್ಲಿಷಿನಲ್ಲಿ ಕೇಳಿದಾಗ ಇನ್‌ಫ್ಲೋ, ಔಟ್‌ಫ್ಲೋ, ರಿಸರ್ವಾಯರ್ ಎಂಬ ಪದಗಳು ನಿಘಂಟಿನ ಸಹಾಯವಿಲ್ಲದೆಯೇ ತಮ್ಮ ಅರ್ಥವನ್ನು ಬಿಟ್ಟುಕೊಡುತ್ತವೆ. ಬುದ್ಧಿಗೆ ವಿಷಯದ ಭಾರವಿಲ್ಲದಿದ್ದರೆ ಕಿವಿಯು ಭಾಷೆಯ ಕಡೆಗೆ ತಿರುಗುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ‘ಎ’ ಮತ್ತು ‘ದ’ ಎಂಬ ಎರಡು ಕಿರುಪದಗಳು ನಮ್ಮವರನ್ನು ಕಾಡುವಷ್ಟು ಬೇರೇನೂ ಕಾಡದು. ಅಪಘಾತದ ಸುದ್ದಿಯೊಂದನ್ನು ಗಮನಿಸಿರಿ. ಮೊದಲನೆಯ ವಾಕ್ಯದಲ್ಲಿ ‘ಎ ಬಸ್’ ಮರಕ್ಕೆ ಬಡಿಯುತ್ತದೆ. ಎರಡನೆಯ ವಾಕ್ಯದಲ್ಲಿ ‘ದ ಬಸ್’ ಎಲ್ಲಿಂದ ಹೊರಟಿತ್ತೆಂಬುದು ಬರುತ್ತದೆ. ಇದು ನಮಗೆ ಹೊಸದೇ? “ಒಂದೂರಿನಲ್ಲಿ ಒಬ್ಬ ರಾಜನಿದ್ದ, ಆ ರಾಜನಿಗೆ ಇಬ್ಬರು ಹೆಂಡಂದಿರು” ಎಂದು ನಮ್ಮ ಅಜ್ಜಿಯರು ಹೇಳಲಿಲ್ಲವೇ? ಮೊದಲ ಸಲ ‘ಒಬ್ಬ’, ಎರಡನೆಯ ಸಲ ‘ಆ’. ಈ ಕಿರುಪದಗಳ ಎಲ್ಲ ನಿಯಮಗಳೂ ಇದರಲ್ಲಿ ಅಡಗಿಲ್ಲ, ನಿಜ. ಆದರೆ ಅರ್ಧ ಭಯವು ಇಲ್ಲಿಯೇ ಕಳೆಯುತ್ತದೆ.

ತಲೆಬರಹಗಳನ್ನು ಮಾತ್ರ ಮಾತಿನ ಮಾದರಿಯೆಂದು ತಿಳಿಯಬಾರದು. ಮಂತ್ರಿಗಳು ನಾಳೆ ಬರುವುದಿದ್ದರೆ ‘ಮಿನಿಸ್ಟರ್ ಟು ವಿಸಿಟ್ ಧಾರವಾಡ’ ಎಂದು ಅಚ್ಚಾಗುತ್ತದೆ. ನಿನ್ನೆ ಕುಸಿದ ಸೇತುವೆಯೂ ಅಲ್ಲಿ ವರ್ತಮಾನ ಕಾಲದಲ್ಲಿಯೇ ಕುಸಿಯುತ್ತದೆ. ಅದು ಜಾಗ ಉಳಿಸುವ ಪತ್ರಿಕೆಯವರ ಭಾಷೆ. ಕೆಳಗಿನ ಮೊದಲ ಪರಿಚ್ಛೇದದಲ್ಲಿ ಯಾರು, ಏನು, ಎಲ್ಲಿ, ಯಾವಾಗ ಎಂಬ ನಾಲ್ಕೂ ಇರುತ್ತವೆ, ಅಲ್ಲಿಂದಲೇ ತೊಡಗಬೇಕು. ದೂರದರ್ಶನದ ರಾತ್ರಿಯ ಚರ್ಚೆಗಳಿಂದ ದೂರವಿರಬೇಕೆಂದೂ ಹುಡುಗನಿಗೆ ಹೇಳಿದೆವು. ನಾಲ್ವರು ಏಕಕಾಲಕ್ಕೆ ಕೂಗುವಲ್ಲಿ ಇಂಗ್ಲಿಷ್ ಹಾಗಿರಲಿ, ಮೌನದ ಬೆಲೆಯನ್ನಷ್ಟೇ ಕಲಿಯಬಹುದು!

ವೇಗವು ಅಡ್ಡಿಯಾಗುವವರಿಗೂ ದಾರಿಯಿದೆ. ಅಮೆರಿಕದ ಬಾನುಲಿಯಾದ ವಾಯ್ಸ್ ಆಫ್ ಅಮೆರಿಕ 1959ರಲ್ಲಿ ಸುಮಾರು ಒಂದೂವರೆ ಸಾವಿರ ಪದಗಳೊಳಗೆ, ಚಿಕ್ಕ ವಾಕ್ಯಗಳಲ್ಲಿ, ನಿಧಾನವಾಗಿ ವಾರ್ತೆ ಓದುವ ಕ್ರಮವನ್ನು ಆರಂಭಿಸಿತು. ಬಿಬಿಸಿಯು ಇಂಗ್ಲಿಷ್ ಪಾಠಗಳನ್ನು ಪ್ರಸಾರ ಮಾಡತೊಡಗಿದ್ದು ಅದಕ್ಕೂ ಮೊದಲು, 1943ರಲ್ಲಿ. ಲೋಕವಾರ್ತೆಗೆ ಒಂದೂವರೆ ಸಾವಿರ ಪದಗಳು ಸಾಕಾದುವೆಂಬುದನ್ನು ಕೇಳಿದಾಗ ಹುಡುಗನ ಮುಖದಲ್ಲಿ ಮೊದಲ ಸಲ ಗೆಲುವು ಕಂಡಿತು.

ವಾರ್ತೆಯು ಸಂಗತಿಯನ್ನು ಹೇಳಲು ಕಲಿಸಿದರೆ, ಭಾಷಣವು ವಾದವನ್ನು ಕಟ್ಟಲು ಕಲಿಸುತ್ತದೆ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಡಾ. ಅಂಬೇಡ್ಕರರು ಮಾಡಿದ ಭಾಷಣವನ್ನು ಓದಿ ನೋಡಿರಿ. ಅವರು ತಾವೇ ಪ್ರಶ್ನೆಯನ್ನೆತ್ತಿ, ಅದನ್ನು ಮತ್ತೊಮ್ಮೆ ಉಚ್ಚರಿಸಿ, ತಾವೇ ಉತ್ತರಿಸುತ್ತಾರೆ. ಶಾಸ್ತ್ರಗ್ರಂಥಗಳ ಪೂರ್ವಪಕ್ಷ, ಸಿದ್ಧಾಂತಗಳ ಕ್ರಮವನ್ನು ಬಲ್ಲವರಿಗೆ ಇದು ಪರಿಚಿತ ಹಾದಿಯೇ. 1947ರ ಆಗಸ್ಟ್ 14ರ ಮಧ್ಯರಾತ್ರಿಯ ನೆಹರೂ ಅವರ ಭಾಷಣವಂತೂ ಅವರ ಧ್ವನಿಯಲ್ಲಿಯೇ ಉಳಿದಿದೆ. ಎಲ್ಲಿ ನಿಲ್ಲಬೇಕು, ಯಾವ ಪದವನ್ನು ಒತ್ತಬೇಕು ಎಂಬುದಕ್ಕೆ ಅದನ್ನು ಕೇಳಬೇಕು.

ತೊಡಗುವವರಿಗೆ ಮಾತ್ರ ನಾವು ಲಿಂಕನ್ನರನ್ನು ಸೂಚಿಸುತ್ತೇವೆ. 1863ರ ನವೆಂಬರ್ 19ರಂದು ಗೆಟಿಸ್‌ಬರ್ಗ್‌ನ ರಣಭೂಮಿಯಲ್ಲಿ, ಮಡಿದ ಸೈನಿಕರ ಸ್ಮಶಾನವನ್ನು ಸಮರ್ಪಿಸುವ ಸಮಾರಂಭ. ಎಡ್ವರ್ಡ್ ಎವರೆಟ್ ಎಂಬ ಪ್ರಖ್ಯಾತ ವಾಗ್ಮಿ ಎರಡು ಗಂಟೆ ಮಾತನಾಡಿದರು. ಅನಂತರ ಎದ್ದ ಲಿಂಕನ್ ಆಡಿದ್ದು ಹತ್ತು ವಾಕ್ಯ, ಸುಮಾರು 270 ಪದ. ಇಂದು ಲೋಕವು ನೆನೆಯುವುದು ಆ ಹತ್ತು ವಾಕ್ಯಗಳನ್ನು. ಬಹುಪಾಲು ಪದಗಳು ಚಿಕ್ಕವು, ಮಕ್ಕಳಿಗೂ ತಿಳಿಯುವಂಥವು. ಎಂಬತ್ತೇಳು ವರ್ಷಗಳ ಹಿಂದೆ, ಎಂದರೆ 1776ರಲ್ಲಿ, ಎಂಬುದನ್ನು ಇಪ್ಪತ್ತಿಪ್ಪತ್ತರಂತೆ ನಾಲ್ಕು ಸಲ ಎಣಿಸಿ ಮೇಲೆ ಏಳು ಸೇರಿಸಿ ಹೇಳುವ ಗಾಂಭೀರ್ಯ ಅಲ್ಲಿದೆ. ಕೊನೆಯ ವಾಕ್ಯವೊಂದು ಬಹಳ ಉದ್ದ.

ಹುಡುಗನಿಗೆ ನಾವು ವಿಧಿಸಿದ ನಿಯಮ ಸರಳವಾದುದು. ದಿನಕ್ಕೆ ಒಂದೇ ಸುದ್ದಿ, ಒಂದು ನಿಮಿಷದಷ್ಟು. ಮೊದಲು ಕನ್ನಡದಲ್ಲಿ, ಬಳಿಕ ಇಂಗ್ಲಿಷಿನಲ್ಲಿ. ಗಟ್ಟಿಯಾಗಿ ಎರಡು ಸಲ ಓದಿ, ಕಾಗದವನ್ನು ಮಡಚಿಟ್ಟು, ಸ್ವಂತ ಮಾತಿನಲ್ಲಿ ಹೇಳಿ ಮೊಬೈಲಿನಲ್ಲಿ ಧ್ವನಿಮುದ್ರಿಸಿ, ತಾನೇ ಕೇಳಬೇಕು. ಬಸ್ಸು, ಪೆನ್ನು, ಸ್ಕೂಲು ಎಂದು ಪ್ರತಿ ಪದಕ್ಕೂ ಉಕಾರವನ್ನು ಅಂಟಿಸುವ ನಮ್ಮ ಸ್ವಭಾವವು ಆಗ ನಮ್ಮ ಕಿವಿಗೇ ಬೀಳುತ್ತದೆ. ಕನ್ನಡದಲ್ಲಿ ಅದು ಸಹಜವೂ ಸುಂದರವೂ ಹೌದು, ಇಂಗ್ಲಿಷಿನಲ್ಲಿ ಬಿಡಬೇಕು.

ಅವನು ಕಾಲೇಜನ್ನು ಬಿಟ್ಟಿಲ್ಲ. ಮೊದಮೊದಲು ವಾರಕ್ಕೆ ಎರಡು ಸಲ ಮಾತ್ರ ನಿಯಮ ಪಾಲಿಸಿ ನಮ್ಮಿಂದ ಗದರಿಸಿಕೊಂಡದ್ದೂ ಉಂಟು. ಸಂಕ್ರಮಣದ ರಜೆಯಲ್ಲಿ ಊರಿಗೆ ಬಂದಾಗ ಮನೆಯಿಂದಲೇ ಒಂದು ಧ್ವನಿಮುದ್ರಣವನ್ನು ಕಳುಹಿಸಿದನು. ಲಿಂಕನ್ನರ ಆ ಉದ್ದನೆಯ ಕೊನೆಯ ವಾಕ್ಯವನ್ನು ಐದು ತುಂಡು ಮಾಡಿಕೊಂಡಿದ್ದನು. ಮೂರನೆಯ ತುಂಡಿನಲ್ಲಿ ತಡವರಿಸಿ ನಿಂತನು. ಹಿಂದಿನಿಂದ ಅವನ ತಾಯಿಯ ಧ್ವನಿ ಸ್ಪಷ್ಟವಾಗಿ ಕೇಳಿಸಿತು: “ನಿಂತ್ಯಾಕೋ? ಇನ್ನೊಮ್ಮೆ ಅನ್ನು.” ಅವನು ಮತ್ತೆ ಮೊದಲಿನಿಂದ ತೊಡಗಿದನು.