ಮೇಷ್ಟ್ರು ಹೋದರು, ಟ್ರಂಪೆಟ್ ಬೀರು ಸೇರಿತು

ಈ ಸಲ ಆಗಸ್ಟ್ 15ರ ಬೆಳಿಗ್ಗೆ ವರದಿಗೆಂದು ಹುಳಿಮಾವು ಹತ್ತಿರದ ಒಂದು ಶಾಲೆಗೆ ಹೋಗಿದ್ದೆವು. ಬಾವುಟ ಏರಿತು, ಮಕ್ಕಳು ಸಾಲಾಗಿ ಹೊರಟರು. ಮುಂದೆ ನಾಲ್ಕು ಹುಡುಗರು ಡ್ರಮ್ ಹೊಡೆಯುತ್ತಿದ್ದರು. ಊದುವವರು ಒಬ್ಬರೂ ಇರಲಿಲ್ಲ. ಎರಡು ವರ್ಷದ ಹಿಂದೆ ಇದೇ ಮೈದಾನದಲ್ಲಿ ಟ್ರಂಪೆಟ್ ಕೇಳಿ, ವಿಡಿಯೊ ಮಾಡಿಕೊಂಡು ಬಂದಿದ್ದೆವು.

'ಟ್ರಂಪೆಟ್ ಎಲ್ಲಪ್ಪಾ?' ಅಂದೆವು.

'ಬೀರುವಿನಲ್ಲಿದೆ ಅಣ್ಣ. ಬ್ಯಾಂಡ್ ಮೇಷ್ಟ್ರು ತೀರಿಕೊಂಡರಲ್ಲ' ಅಂದ ಒಬ್ಬ ಹುಡುಗ.

ಆ ಮೇಷ್ಟ್ರನ್ನು ನಾವು ನೋಡಿದ್ದೆವು. ಮದುವೆ ಬ್ಯಾಂಡ್‌ಸೆಟ್ಟಿನಲ್ಲಿ ಊದಿ ಊದಿ ಕಲಿತವರು. ವಾರಕ್ಕೆರಡು ದಿನ ಬಂದು ಮಕ್ಕಳಿಗೆ ಹೇಳಿಕೊಡುತ್ತಿದ್ದರು. ಸಂಬಳ ಅಂತ ಇರಲಿಲ್ಲ. ಹಬ್ಬಕ್ಕೆ ಒಂದಿಷ್ಟು ದುಡ್ಡು, ಆಗಸ್ಟ್ 15ಕ್ಕೆ ಒಂದು ಶಾಲು. ಹೆಸರು ಹಾಕುವುದು ಬೇಡ ಅಂತ ಮನೆಯವರು ಹೇಳಿದ್ದಾರೆ, ಹಾಕುವುದಿಲ್ಲ. ಆದರೆ ಅವರ ನೆಪದಲ್ಲಿ ಒಂದು ಮಾತು ಹೇಳಲೇಬೇಕು.

ಡ್ರಮ್ ಉಳಿಯಿತು, ಟ್ರಂಪೆಟ್ ಯಾಕೆ ನಿಂತಿತು? ಇದಕ್ಕೆ ಕಾರಣ ಇದೆ. ಡ್ರಮ್ಮಿನ ಪೆಟ್ಟನ್ನು ದೊಡ್ಡ ಹುಡುಗ ಚಿಕ್ಕವನಿಗೆ ಹೇಳಿಕೊಡಬಲ್ಲ. ನೋಡಿ ಕಲಿಯಬಹುದು, ಬೆಂಚು ಬಡಿದೂ ಕಲಿಯಬಹುದು. ಟ್ರಂಪೆಟ್ಟಿಗೆ ಇರುವುದು ಮೂರೇ ಗುಂಡಿ. ಆದರೆ ಅದೇ ಗುಂಡಿ ಒತ್ತಿಕೊಂಡು ತುಟಿ ಬಿಗಿ ಮಾಡಿದರೆ ಒಂದು ಸ್ವರ, ಸಡಿಲ ಮಾಡಿದರೆ ಇನ್ನೊಂದು. ವಿದ್ಯೆ ಇರುವುದು ತುಟಿಯಲ್ಲಿ, ಉಸಿರಿನಲ್ಲಿ. ಅದು ಕಣ್ಣಿಗೆ ಕಾಣುವುದಿಲ್ಲ. 'ಕೆನ್ನೆ ಉಬ್ಬಿಸಬೇಡ, ಹೊಟ್ಟೆಯಿಂದ ಉಸಿರು ತಾ' ಅಂತ ಪಕ್ಕದಲ್ಲಿ ನಿಂತು ತಿದ್ದುವವರು ಬೇಕು. ನಾಲ್ಕು ತಿಂಗಳು ಊದದಿದ್ದರೆ ತುಟಿಗೂ ಮರೆತುಹೋಗುತ್ತದೆ, ಒಳಗಿನ ಎಣ್ಣೆ ಒಣಗಿ ಗುಂಡಿಯೂ ಕಚ್ಚಿಕೊಳ್ಳುತ್ತದೆ.

ಇದು ಒಂದು ಶಾಲೆಯ ಕಥೆ ಅಂತ ಬಿಟ್ಟುಬಿಡಬಹುದಿತ್ತು. ಆದರೆ ಈ ಮಾತಿಗೆ ನಮ್ಮ ನಾಡಿನಲ್ಲೇ ದೊಡ್ಡ ಸಾಕ್ಷಿ ಇದೆ. ಬರುವ ಅಕ್ಟೋಬರ್ 11 ಕದ್ರಿ ಗೋಪಾಲನಾಥ್ ಅವರು ತೀರಿಕೊಂಡ ದಿನ. ಅವರು ಹೋದದ್ದು 2019ರಲ್ಲಿ, ಮಂಗಳೂರಿನಲ್ಲಿ.

ಅವರ ಹೆಸರು ನಿಮಗೆ ಗೊತ್ತೇ ಇರುತ್ತದೆ. ಸ್ಯಾಕ್ಸೋಫೋನಿನಲ್ಲಿ ಕರ್ನಾಟಕ ಸಂಗೀತ ನುಡಿಸಿದವರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, ಬಿಬಿಸಿ ನಡೆಸುವ ಪ್ರಾಮ್ಸ್ ಸಂಗೀತೋತ್ಸವದಲ್ಲಿ ನುಡಿಸಿದರು. 2004ರಲ್ಲಿ ಪದ್ಮಶ್ರೀ ಬಂತು. ಇದೆಲ್ಲ ಎಲ್ಲರೂ ಬರೆಯುತ್ತಾರೆ. ಅವರು ಆ ವಾದ್ಯವನ್ನು ಮೊದಲು ಎಲ್ಲಿ ಕಂಡರು, ಯಾರಿಂದ ಕಲಿತರು ಅನ್ನುವುದನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನಮಗೆ ಬೇಕಾದದ್ದು ಆ ಒಂದು ಸಾಲು.

ಗೋಪಾಲನಾಥ್ ಹುಟ್ಟಿದ್ದು 1949ರಲ್ಲಿ, ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನ ಸಜಿಪದಲ್ಲಿ. ತಂದೆ ತನಿಯಪ್ಪ ನಾಗಸ್ವರ ನುಡಿಸುತ್ತಿದ್ದವರು. ಮನೆಯಲ್ಲೇ ನಾಗಸ್ವರ ಇತ್ತು. ಹುಡುಗ ಮೈಸೂರಿಗೆ ಹೋದಾಗ ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕಂಡ. ಕಲಿತರೆ ಇದನ್ನೇ ಕಲಿಯಬೇಕು ಅಂದುಕೊಂಡ. ಅದು ಕೈಗೆ ಒಗ್ಗಲು ಸುಮಾರು ಇಪ್ಪತ್ತು ವರ್ಷ ಬೇಕಾಯಿತು.

ಸ್ಯಾಕ್ಸೋಫೋನಿನ ಮೈ ಹಿತ್ತಾಳೆ, ಆದರೆ ಬಾಯಿಗೆ ಇಡುವುದು ರೀಡ್. ಹಾಗಾಗಿ ಬ್ಯಾಂಡಿನವರು ಅದನ್ನು ಕ್ಲಾರಿನೆಟ್ ಸಾಲಿಗೆ ಸೇರಿಸುತ್ತಾರೆ. ಒಂದೊಂದು ಕೀಲಿಗೆ ಒಂದೊಂದು ಸ್ವರ ಕಟ್ಟಿಟ್ಟ ವಾದ್ಯ ಅದು. ನಮ್ಮ ಸಂಗೀತಕ್ಕೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಬೇಕು, ತೂಗಬೇಕು. ಅದಕ್ಕಾಗಿ ಅವರು ವಾದ್ಯದಲ್ಲೇ ಕೆಲವು ಬದಲಾವಣೆ ಮಾಡಿಕೊಂಡರು. ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಕಲಿತರು. ಆಮೇಲೆ ಮದ್ರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿ. ಟಿ.ವಿ.ಜಿ. ಹಾಡುಗಾರರು, ಮೃದಂಗ ವಿದ್ವಾಂಸರು. ಹಾಡುವವರು ಊದುವವನನ್ನು ತಿದ್ದಿದರು.

ಈಗ ಲೆಕ್ಕ ಹಾಕಿ. ಅರಮನೆಯ ಆ ಬ್ಯಾಂಡ್ ಇಲ್ಲದಿದ್ದರೆ ಹುಡುಗನಿಗೆ ಸ್ಯಾಕ್ಸೋಫೋನ್ ಕಾಣುತ್ತಿರಲಿಲ್ಲ. ಮೇಷ್ಟ್ರುಗಳು ಇಲ್ಲದಿದ್ದರೆ ಕಂಡರೂ ಬರುತ್ತಿರಲಿಲ್ಲ. ಇವತ್ತು ಕರಾವಳಿಯ ದೇವಸ್ಥಾನದ ಉತ್ಸವ, ಮದುವೆ ಮನೆಗಳಲ್ಲಿ ಸ್ಯಾಕ್ಸೋಫೋನ್ ಸಾಮಾನ್ಯ ಆಗಿಬಿಟ್ಟಿದೆ. ಬೆಂಗಳೂರಿನ ಲಾವಣ್ಯ, ಸುಬ್ಬಲಕ್ಷ್ಮಿ ಸೋದರಿಯರಂಥ ಶಿಷ್ಯರು ವೇದಿಕೆಯ ಮೇಲಿದ್ದಾರೆ. ಒಬ್ಬರು ಹೋದರೂ ವಾದ್ಯ ಬೀರು ಸೇರಲಿಲ್ಲ. ಯಾಕೆಂದರೆ ಅವರು ಇರುವಾಗಲೇ ಕೈ ಬದಲಾಯಿಸಿದ್ದರು.

ಅರಮನೆ ಬ್ಯಾಂಡ್ ಅಷ್ಟು ಕಾಲ ಉಳಿದದ್ದು ಹೇಗೆ? ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಅಲ್ಲಿ ಇಂಗ್ಲಿಷ್ ಬ್ಯಾಂಡೂ ಇತ್ತು, ಕರ್ನಾಟಕ ಬ್ಯಾಂಡೂ ಇತ್ತು. ಪಾಶ್ಚಾತ್ಯ ವಾದ್ಯವೃಂದವನ್ನು ಜರ್ಮನಿಯ ಒಟ್ಟೊ ಶ್ಮಿಟ್ ನಡೆಸಿದರು. ನಮ್ಮ ಸಂಗೀತದ ವಾದ್ಯವೃಂದದ ಹೊಣೆ ವೀಣೆ ವೆಂಕಟಗಿರಿಯಪ್ಪನವರು ಹೊತ್ತಿದ್ದರು. ಮಹಾರಾಜರಿಗೆ ಸಂಗೀತದ ಹುಚ್ಚಿತ್ತು, ಖಜಾನೆ ಇತ್ತು, ನಿಜ. ಅದಕ್ಕಿಂತ ಮುಖ್ಯವಾಗಿ ಅಲ್ಲಿ ಒಂದು ಹುದ್ದೆ ಇತ್ತು. ಕಲಿಸುವವರು ಸಂಬಳದ ಪಟ್ಟಿಯಲ್ಲಿದ್ದರು. ಒಬ್ಬರು ಹೋದರೆ ಇನ್ನೊಬ್ಬರನ್ನು ಆ ಜಾಗಕ್ಕೆ ಕೂರಿಸಬೇಕು ಅನ್ನುವುದು ಪದ್ಧತಿ. ರಾಜರು ಹೋದರು, ಸಂಸ್ಥಾನ ಹೋಯಿತು, ಬ್ಯಾಂಡ್ ಪೊಲೀಸ್ ಇಲಾಖೆಗೆ ಸೇರಿತು. ದಸರೆಯಲ್ಲಿ ನೀವು ಕೇಳುವ ಪೊಲೀಸ್ ಬ್ಯಾಂಡಿನಲ್ಲಿ ಅದರ ಮುಂದುವರಿಕೆ ಇದೆ.

ದೂರದ ಒಂದು ಉದಾಹರಣೆಯನ್ನೂ ಹೇಳುತ್ತೇವೆ. ಅಮೆರಿಕದಲ್ಲಿ ಡ್ರಮ್ ಕೋರ್ ಅಂತ ಇವೆ. ನಮ್ಮ ಪರೇಡ್ ಬ್ಯಾಂಡಿನ ಹಾಗೆಯೇ, ಆದರೆ ಬಹಳ ದೊಡ್ಡದು. ಡ್ರಮ್ಮು, ಹಿತ್ತಾಳೆ ವಾದ್ಯ ಹಿಡಿದ ನೂರಕ್ಕೂ ಹೆಚ್ಚು ಹುಡುಗ ಹುಡುಗಿಯರು ಮೈದಾನದಲ್ಲಿ ಓಡಾಡುತ್ತಲೇ ನುಡಿಸುತ್ತಾರೆ. ವಯಸ್ಸು 22 ಆಗುವ ಹೊತ್ತಿಗೆ ತಂಡ ಬಿಡಬೇಕು. ಅಂದರೆ ವರ್ಷ ವರ್ಷ ನುಡಿಸುವವರು ಬದಲಾಗುತ್ತಾರೆ, ಉಳಿಯುವವರು ಮೇಷ್ಟ್ರುಗಳೇ. ಜಿಮ್ ಆಟ್ ಅನ್ನುವ ಹಿತ್ತಾಳೆ ವಾದ್ಯದ ಮೇಷ್ಟ್ರು 1980ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅಲ್ಲಿನ ರಾಷ್ಟ್ರಮಟ್ಟದ ಸ್ಪರ್ಧೆಯಲ್ಲಿ ಹಿತ್ತಾಳೆ ವಾದ್ಯ ಚೆನ್ನಾಗಿ ನುಡಿಸಿದ ತಂಡಕ್ಕೆ ಕೊಡುವ ಬಹುಮಾನ ಅವರ ಹೆಸರಿನಲ್ಲೇ ಇದೆ. ಬಹುಮಾನಕ್ಕೆ ನುಡಿಸಿದವರ ಹೆಸರಲ್ಲ, ಕಲಿಸಿದವರ ಹೆಸರು ಇಟ್ಟರು ನೋಡಿ.

ನಮ್ಮಲ್ಲಿ ಕಲಿಸುವವರ ಸ್ಥಾನ ಏನು? ಮದುವೆ ಮನೆಯಲ್ಲಿ ಬ್ಯಾಂಡಿನವರಿಗೂ ವಾಲಗದವರಿಗೂ ಕೊನೇ ಪಂಕ್ತಿ. ಶಾಲೆಯಲ್ಲಿ ಬ್ಯಾಂಡ್ ಮೇಷ್ಟ್ರಿಗೆ ಕುರ್ಚಿಯೂ ಇಲ್ಲ, ಹಾಜರಿ ಪುಸ್ತಕದಲ್ಲಿ ಹೆಸರೂ ಇಲ್ಲ. ಜನವರಿ 26, ಆಗಸ್ಟ್ 15 ಹತ್ತಿರ ಬಂದಾಗ ಫೋನ್ ಮಾಡಿ ಕರೆಸುತ್ತೇವೆ. ಹೆಸರೇ ಇಲ್ಲದ ಮೇಲೆ ಅವರು ಹೋದಾಗ 'ಖಾಲಿ ಇದೆ' ಅಂತ ಯಾರಿಗೂ ಅನ್ನಿಸುವುದಿಲ್ಲ. ಇಲ್ಲದ ಹುದ್ದೆ ಖಾಲಿ ಆಗುವುದಾದರೂ ಹೇಗೆ?

'ಈಗ ಬ್ಲೂಟೂತ್ ಸ್ಪೀಕರ್ ಇದೆಯಲ್ಲ ಸಾರ್, ಬ್ಯಾಂಡ್ ಯಾಕೆ?' ಅಂತ ಒಬ್ಬ ಪೋಷಕರು ನಮ್ಮನ್ನೇ ಕೇಳಿದರು. ಸ್ಪೀಕರ್ ಮೈದಾನಕ್ಕೆ ಹಾಡು ಕೇಳಿಸುತ್ತದೆ. ಹುಡುಗನಿಗೆ ಏನೂ ಕಲಿಸುವುದಿಲ್ಲ. ಇದು ಬರೀ ಶೋಕಿಯ ಮಾತೂ ಅಲ್ಲ. ಪೊಲೀಸ್ ಇಲಾಖೆ ಬ್ಯಾಂಡ್ಸ್‌ಮನ್ ಹುದ್ದೆಗೆ ಅರ್ಜಿ ಕರೆದದ್ದಿದೆ, ಸೇನೆಯಲ್ಲೂ ವಾದ್ಯದವರನ್ನು ತೆಗೆದುಕೊಳ್ಳುತ್ತಾರೆ. ಊದಲು ಬಾರದ ನಮ್ಮ ಹುಡುಗರು ಆ ಅರ್ಜಿ ಹಾಕುವುದು ಹೇಗೆ?

ಇನ್ನು ದುಡ್ಡಿಲ್ಲ ಅನ್ನುವ ಮಾತು. ಶಾಲೆಗೆ ಕಷ್ಟ ಇದೆ, ಒಪ್ಪುತ್ತೇವೆ. ಆದರೆ ವಾದ್ಯ ಕೊಳ್ಳಲು ದಾನಿಗಳು ಸಿಗುತ್ತಾರೆ. ಫೋಟೊ ಬರುತ್ತದೆ, ಡಬ್ಬದ ಮೇಲೆ ಹೆಸರು ಬರುತ್ತದೆ. ಕಲಿಸುವವರ ತಿಂಗಳ ದುಡ್ಡಿಗೆ ದಾನಿಗಳು ಸಿಗುವುದಿಲ್ಲ. ಮೇಷ್ಟ್ರಿಲ್ಲದ ಟ್ರಂಪೆಟ್ ಬೀರುವಿನ ಹಿತ್ತಾಳೆ ಅಷ್ಟೆ.

ಹಾಗಾಗಿ ಎಸ್‌ಡಿಎಂಸಿಯಲ್ಲಿರುವವರಿಗೆ, ಹಳೇ ವಿದ್ಯಾರ್ಥಿ ಸಂಘದವರಿಗೆ, ಯುವಕ ಸಂಘದವರಿಗೆ ನಮ್ಮ ಕೋರಿಕೆ ಇಷ್ಟು.

ಮುಂದಿನ ಸಭೆಯಲ್ಲಿ ವಾದ್ಯದ ಲೆಕ್ಕದ ಜೊತೆ ಕಲಿಸುವವರ ಲೆಕ್ಕವನ್ನೂ ಕೇಳಿ. ಸಣ್ಣ ಮೊತ್ತವಾದರೂ ವರ್ಷಪೂರ್ತಿ ಕೊಡುವ ಹಾಗೆ ಮಾಡಿ, ಅದನ್ನು ಪುಸ್ತಕದಲ್ಲಿ ಬರೆಸಿ.

ಈಗಿರುವ ಮೇಷ್ಟ್ರಿಗೆ ಶಕ್ತಿ ಇರುವಾಗಲೇ ಒಬ್ಬ ಹಳೇ ವಿದ್ಯಾರ್ಥಿಯನ್ನು ಜೊತೆಗೆ ಹಾಕಿ. ಒಂದು ವರ್ಷ ಇಬ್ಬರೂ ಸೇರಿ ಕಲಿಸಲಿ. ಹಳಬರು ಹೋದ ಮೇಲೆ ಹೊಸಬರನ್ನು ಹುಡುಕಿದರೆ ತಡವಾಯಿತು ಅಂತಲೇ ಅರ್ಥ.

ನಿಮ್ಮ ಫೋನಿನಲ್ಲಿ ಅವರ ಪಾಠ ರೆಕಾರ್ಡ್ ಮಾಡಿಕೊಳ್ಳಿ. ಕಾರ್ಯಕ್ರಮ ಬೇಡ, ಪಾಠ. ಯಾರ ತುಟಿ ಹೇಗೆ ತಿದ್ದಿದರು, ಯಾವ ಧಾಟಿ ಮೊದಲು ಕಲಿಸಿದರು ಅನ್ನುವುದು. ವಿಡಿಯೊ ಮೇಷ್ಟ್ರ ಜಾಗ ತುಂಬುವುದಿಲ್ಲ, ಹೊಸದಾಗಿ ಬರುವವರಿಗೆ ದಾರಿ ತೋರಿಸುತ್ತದೆ.

ತಪ್ಪು ನಮ್ಮದೂ ಇದೆ. ಎರಡು ವರ್ಷದ ಹಿಂದಿನ ಆ ವಿಡಿಯೊವನ್ನು ಮೊನ್ನೆ ತೆಗೆದು ನೋಡಿದೆವು. ಮಕ್ಕಳಿದ್ದಾರೆ, ಬಾವುಟ ಇದೆ, ಅತಿಥಿಗಳ ಭಾಷಣ ಪೂರ್ತಿ ಇದೆ. ಮೇಷ್ಟ್ರು ಒಂದು ಕಡೆ ಅರ್ಧ ಭುಜ ಮಾತ್ರ ಕಾಣುತ್ತಾರೆ. ಅವರನ್ನು ಒಂದು ಮಾತು ಕೇಳೋಣ ಅಂತ ಆವತ್ತು ನಮಗೂ ಹೊಳೆಯಲಿಲ್ಲ.

ಆ ಶಾಲೆಯ ಟ್ರಂಪೆಟ್ ಇನ್ನೂ ಹಾಳಾಗಿಲ್ಲ. ಎಣ್ಣೆ ಬಿಟ್ಟರೆ ಗುಂಡಿ ಆಡುತ್ತವೆ, ನಾವೇ ಒತ್ತಿ ನೋಡಿದೆವು. ಮೇಷ್ಟ್ರ ಹತ್ತಿರ ಕಲಿತ ಒಬ್ಬ ಹುಡುಗ ಈಗ ಪಿಯುಸಿ ಓದುತ್ತಾ ಅದೇ ಏರಿಯಾದಲ್ಲಿದ್ದಾನೆ. ಕರೆದರೆ ಬರುತ್ತೇನೆ ಅಂದಿದ್ದಾನೆ. ಜನವರಿ 26ಕ್ಕೆ ಇನ್ನೂ ಐದು ತಿಂಗಳಿದೆ. ಕರೆಯಬೇಕಾದವರು ಶಾಲೆಯವರು.