ಹಿಮಚಿರತೆಯನ್ನು ಮೊದಲು ಕಂಡವರು ಯಾರು?

ಪ್ರತಿ ಚಳಿಗಾಲದಲ್ಲಿಯೂ ಲಡಾಖಿನಿಂದಲೋ ಸ್ಪಿತಿಯಿಂದಲೋ ಹಿಮಚಿರತೆಯ ಕೆಲವು ಛಾಯಾಚಿತ್ರಗಳು ಬಂದು ನಮ್ಮನ್ನು ಬೆರಗುಗೊಳಿಸುತ್ತವೆ. ಚಿತ್ರದ ಕೆಳಗೆ ಛಾಯಾಗ್ರಾಹಕರ ಹೆಸರಿರುತ್ತದೆ. ಕ್ಯಾಮೆರಾ, ಲೆನ್ಸುಗಳ ವಿವರವಿರುತ್ತದೆ. ಕಣಿವೆಯ ಹೆಸರೂ ಅಂದಿನ ಚಳಿಯ ಪ್ರಮಾಣವೂ ಇರುತ್ತವೆ. ಆ ಪ್ರಾಣಿಯನ್ನು ಮೊದಲು ಕಂಡು ತೋರಿಸಿಕೊಟ್ಟವರ ಹೆಸರು ಮಾತ್ರ ಅಪರೂಪ. ಇದನ್ನು ಸೌಜನ್ಯದ ಕೊರತೆಯೆಂದಷ್ಟೇ ಎಣಿಸಿ ಸುಮ್ಮನಾಗುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಹಿಮಚಿರತೆಯ ಉಳಿವಿಗೂ ಆ ಹೆಸರಿಗೂ ಸಂಬಂಧವಿದೆ.

ಈ ಪ್ರಾಣಿಯನ್ನು ಕಾಣಲು ಚಳಿಗಾಲವೇ ತಕ್ಕ ಕಾಲ. ಎತ್ತರದ ಇಳಿಜಾರುಗಳು ಹಿಮದಲ್ಲಿ ಹೂತುಹೋದಾಗ ಭರಲ್ ಎಂಬ ನೀಲಿಕುರಿಗಳೂ ಐಬೆಕ್ಸ್ ಎಂಬ ಕಾಡುಮೇಕೆಗಳೂ ಮೇವನ್ನರಸಿ ಕೆಳಗಿಳಿಯುತ್ತವೆ. ಅವುಗಳ ಬೆನ್ನಿಗೇ ಹಿಮಚಿರತೆಯೂ ಇಳಿಯುತ್ತದೆ. ಆದರೂ ಬೂದು ಬಂಡೆಯ ಮೇಲೆ ಬೂದು ಮೈಯ ಪ್ರಾಣಿ ಮಲಗಿದ್ದರೆ ನಗರದಿಂದ ಹೋದವರ ಕಣ್ಣಿಗೆ ಅದೂ ಒಂದು ಬಂಡೆಯೇ. ನಸುಕಿನಲ್ಲೆದ್ದು ಹೆಜ್ಜೆಗುರುತು ಹುಡುಕುವವರು, ನೀಲಿಕುರಿಗಳು ಒಮ್ಮೆಲೇ ತಲೆಯೆತ್ತಿ ಎತ್ತ ನೋಡಿದವೆಂದು ಗಮನಿಸುವವರು, ದೂರದರ್ಶಕವನ್ನು ಬಂಡೆಯಿಂದ ಬಂಡೆಗೆ ಸರಿಸುತ್ತ ಕೊನೆಗೆ ಒಂದು ಕಿವಿಯ ತುದಿಯನ್ನು ಗುರುತಿಸುವವರು ಸಾಮಾನ್ಯವಾಗಿ ಆ ಊರಿನವರೇ.

ಆ ಕಣ್ಣು ಪಳಗಿದ್ದು ಕುರಿಮೇಕೆಗಳನ್ನು ಕಾಯುತ್ತ. ಭದ್ರವಿಲ್ಲದ ದೊಡ್ಡಿಯೊಳಕ್ಕೆ ಒಂದು ರಾತ್ರಿ ಹಿಮಚಿರತೆ ನುಗ್ಗಿತೆಂದರೆ ಹತ್ತಾರು ಕುರಿಗಳು ಸಾಯುವುದುಂಟು. ಬೆಳಗಾಗುವುದರೊಳಗೆ ಒಂದು ಸಂಸಾರದ ಆಸರೆಯೇ ಕುಸಿದಿರುತ್ತದೆ. ಅದಕ್ಕೆ ಪ್ರತೀಕಾರವಾಗಿ ಹಿಮಚಿರತೆಯನ್ನು ಕೊಂದ ದಿನಗಳೂ ಇದ್ದವು. ರಿಂಚೆನ್ ವಾಂಗ್‌ಚುಕ್ ಅವರು ಸ್ಥಾಪಿಸಿದ ಸ್ನೋ ಲೆಪರ್ಡ್ ಕನ್ಸರ್ವೆನ್ಸಿ ಇಂಡಿಯಾ ಟ್ರಸ್ಟ್ ಲಡಾಖಿನಲ್ಲಿ ದೊಡ್ಡಿಗಳ ಮೇಲೆ ತಂತಿಬಲೆ ಹೊದಿಸಲು ನೆರವಾಯಿತು. ಪ್ರವಾಸಿಗರನ್ನು ಹಳ್ಳಿಯ ಮನೆಗಳಲ್ಲೇ ಇರಿಸಿಕೊಳ್ಳುವ ಏರ್ಪಾಡನ್ನು ಬೆಳೆಸಿತು. ಸ್ಪಿತಿಯ ಕಿಬ್ಬರಿನಲ್ಲಿ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಹಳ್ಳಿಗರೊಡಗೂಡಿ ಜಾನುವಾರು ವಿಮೆಯನ್ನು ರೂಪಿಸಿತು. ಹೀಗೆ ಕೊಲ್ಲಬಹುದಾಗಿದ್ದ ಕೈಗಳೇ ಇಂದು ಬೆರಳು ಚಾಚಿ ತೋರಿಸುತ್ತಿವೆ. ಆ ಸಹನೆಯ ಬೆಲೆಯನ್ನು ತೆರುತ್ತಿರುವವರು ಅವರು; ಕೀರ್ತಿಯೆಲ್ಲವೂ ಹೊರಗಿನವರಿಗೇ ಸಂದರೆ ಆ ಸಹನೆ ಎಷ್ಟು ದಿನ ಬಾಳೀತು?

ಛಾಯಾಗ್ರಾಹಕರ ತಾಳ್ಮೆಗೆ ಬೆಲೆಯಿಲ್ಲವೇ ಎಂದು ಕೇಳಬಹುದು. ಇದೆ. ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿ, ಬ್ಯಾಟರಿಗಳೇ ಸೋತು ಕೈಚೆಲ್ಲುವಲ್ಲಿ ಗಂಟೆಗಟ್ಟಲೆ ಕಾಯುವುದು ತಪಸ್ಸೇ ಸರಿ. ಸ್ಟೀವ್ ವಿಂಟರ್ ಅವರಿಗೆ 2008ರ ವರ್ಷದ ವನ್ಯಜೀವಿ ಛಾಯಾಗ್ರಾಹಕ ಪ್ರಶಸ್ತಿಯನ್ನು ತಂದ ಚಿತ್ರ, ಹೆಮಿಸ್ ರಾಷ್ಟ್ರೀಯ ಉದ್ಯಾನದ ರಾತ್ರಿಯಲ್ಲಿ ಸುರಿವ ಹಿಮದ ನಡುವೆ ನಡೆದುಬಂದ ಹಿಮಚಿರತೆಯದು. ಕ್ಯಾಮೆರಾ ಟ್ರ್ಯಾಪ್ ತೆಗೆದದ್ದು. ಆದರೆ ಮನುಷ್ಯರಿಲ್ಲದಾಗ ತಾನೇ ಚಿತ್ರ ತೆಗೆಯುವ ಈ ಪೆಟ್ಟಿಗೆಗೂ ಜಾಗ ತೋರಿಸಬೇಕು. ಹಿಮಚಿರತೆ ಯಾವ ಹಾದಿಯಲ್ಲಿ ನಡೆಯುತ್ತದೆ, ಯಾವ ಬಂಡೆಗೆ ಮೈಯುಜ್ಜಿ ತನ್ನ ವಾಸನೆಯ ಗುರುತಿಡುತ್ತದೆ ಎಂಬುದು ಕಾಲ್ನಡಿಗೆಯಿಂದ ಬರುವ ತಿಳಿವಳಿಕೆ. 2019ರಿಂದ 2023ರವರೆಗೆ ನಡೆದ ರಾಷ್ಟ್ರೀಯ ಗಣತಿಯಲ್ಲಿ 1,971 ಕಡೆ ಕ್ಯಾಮೆರಾಗಳನ್ನಿಟ್ಟು, ಮೈಮೇಲಿನ ಮಚ್ಚೆಗಳಿಂದ 241 ಹಿಮಚಿರತೆಗಳನ್ನು ಬೇರೆಬೇರೆಯಾಗಿ ಗುರುತಿಸಲಾಯಿತು. ದೇಶದಲ್ಲಿರುವುದು ಸುಮಾರು 718, ಅವುಗಳಲ್ಲಿ 477 ಲಡಾಖಿನಲ್ಲೇ ಎಂಬ ಅಂದಾಜು ಅದರಿಂದ ದೊರೆಯಿತು. ಅದಕ್ಕಾಗಿ 13,450 ಕಿಲೋಮೀಟರ್ ಹಾದಿಯನ್ನು ಸಮೀಕ್ಷೆ ಮಾಡಬೇಕಾಯಿತು.

ಕನ್ನಡದ ಓದುಗರಿಗೆ ಇದು ತೀರ ಹೊಸ ಮಾತಲ್ಲ. ತೇಜಸ್ವಿಯವರ ‘ಕರ್ವಾಲೋ’ದಲ್ಲಿ ಹಾರುವ ಓತಿಯನ್ನು ಅರಸಿ ಹೊರಟ ವಿಜ್ಞಾನಿಗೆ ಮಂದಣ್ಣನ ಕಣ್ಣೇ ಆಧಾರ. ಊರು ಲೆಕ್ಕಕ್ಕಿಡದವನನ್ನು ವಿಜ್ಞಾನಿಯೊಬ್ಬ ಗುರುತಿಸಿ ಗೌರವಿಸುವುದನ್ನು ಮೆಚ್ಚಿದ ನಾವು, ಹಿಮಾಲಯದ ಮಂದಣ್ಣಂದಿರು ಯಾರೆಂದು ಕೇಳದೆ ಚಿತ್ರಗಳಿಗೆ ಚಪ್ಪಾಳೆ ತಟ್ಟಬಹುದೆ?

ಆದ್ದರಿಂದ ನಮ್ಮ ಕೋರಿಕೆ ಇಷ್ಟೆ. ಚಿತ್ರದಡಿಯಲ್ಲಿ ಕಣಿವೆಯ ಹೆಸರನ್ನು ಬಿಟ್ಟು ಮನುಷ್ಯನ ಹೆಸರನ್ನು ಬರೆಯೋಣ. ಕಣಿವೆಯ ಹೆಸರು ಮರುವಾರವೇ ಜನಜಂಗುಳಿಯನ್ನು ಕರೆತರುತ್ತದೆ. ಜಂಗುಳಿ ಬಂದಲ್ಲಿ ಹಿಮಚಿರತೆ ತಾನು ಹಿಡಿದ ಬೇಟೆಯನ್ನೇ ಬಿಟ್ಟು ಸರಿಯಬೇಕಾದೀತು. ಮನುಷ್ಯನ ಹೆಸರು, ಅವರು ಒಪ್ಪಿದರೆ, ಅವರ ವಿದ್ಯೆಗೆ ಮನ್ನಣೆಯನ್ನೂ ಮುಂದಿನ ಚಳಿಗಾಲಕ್ಕೆ ಕೆಲಸವನ್ನೂ ತರುತ್ತದೆ. ದೆಹಲಿಯಿಂದಲೋ ಮುಂಬಯಿಯಿಂದಲೋ ಈ ವರ್ಷ ಲೇಹಕ್ಕೆ ಹೊರಡುವ ಕನ್ನಡದ ಗೆಳೆಯರು ಚಿತ್ರ ದೊರೆತರೆ ಅದರ ಕೆಳಗೆ ಎರಡು ಹೆಸರು ಬರೆಯಲಿ. ದೊರೆಯದಿದ್ದರೂ, ತಮ್ಮನ್ನು ಬೆಟ್ಟ ಹತ್ತಿಸಿದವರಿಂದ ನೋಡಲು ಕಲಿತದ್ದನ್ನು ಬರೆಯಲಿ. ಅದನ್ನು ಓದಲು ನಾವು ಕಾದಿರುತ್ತೇವೆ.