ಗೆರೆ ದಾಟದಿರುವುದೂ ಸಾಹಸವೇ

ಅಮೆರಿಕದಲ್ಲಿ ಓದುತ್ತಿರುವ ನಾನು ಕಳೆದ ರಜೆಯಲ್ಲಿ ಯೂಟಾ ರಾಜ್ಯದ ಮೋವಾಬ್‌ಗೆ ಹೋಗಿ, ಸ್ಲಿಕ್‌ರಾಕ್ ಟ್ರೇಲ್‌ನಲ್ಲಿ ಒಂದು ದಿನ ಮೌಂಟೇನ್ ಸೈಕಲ್ ತುಳಿದೆ. ಕೊಲೊರಾಡೊ ನದಿ ಕೊರೆದ ಕಣಿವೆಯ ಮೇಲಿನ ಈ ದಾರಿಯನ್ನು 1969ರಲ್ಲಿ ಮೋಟಾರ್‌ಸೈಕಲ್‌ಗಳಿಗೆಂದು ಗುರುತಿಸಲಾಗಿತ್ತು. ಕುದುರೆಯ ಲಾಳ ಜಾರುತ್ತಿದ್ದ ಈ ಮರಳುಗಲ್ಲಿನ ಮೇಲೆ ರಬ್ಬರ್ ಟೈರ್ ಚೆನ್ನಾಗಿಯೇ ಹಿಡಿಯುತ್ತದೆ. ಬಂಡೆಯ ಮೇಲೆ ಬಳಿದ ಬಿಳಿ ಗೆರೆಗಳೇ ದಾರಿ.

ಗೆರೆಯಾಚೆಯ ಮರಳು ಬರೀ ಬಂಜರೆನಿಸುತ್ತದೆ. ಆದರೆ ಅಲ್ಲಲ್ಲಿ ಕಾಣುವ ಕಪ್ಪನೆಯ ಒರಟು ಪದರಕ್ಕೆ ಜೀವವಿದೆ. ಸಯನೋಬ್ಯಾಕ್ಟೀರಿಯಾ, ಕಲ್ಲುಹೂವು, ಪಾಚಿ ಸೇರಿ ಕಟ್ಟಿದ ಆ ಪದರ ಮರಳು ಹಾರದಂತೆ ಹಿಡಿದಿಡುತ್ತದೆ, ಮಣ್ಣಿಗೆ ಸಾರಜನಕ ಕೊಡುತ್ತದೆ. ಅದರ ಮೇಲೆ ಒಮ್ಮೆ ಚಕ್ರ ಹರಿದರೆ ಚೇತರಿಸಿಕೊಳ್ಳಲು ದಶಕಗಳೇ ಬೇಕು.

ರೀಲ್ಸ್‌ಗಾಗಿ ದಾರಿ ಬಿಟ್ಟು ನುಗ್ಗುವವರನ್ನು ಧೈರ್ಯಶಾಲಿಗಳೆಂದು ಹೊಗಳುತ್ತೇವೆ. ನನಗೆ ಅದು ಒಪ್ಪಿಗೆಯಿಲ್ಲ. ಕಡಿದಾದ ಏರಿನಲ್ಲಿ ಉಸಿರು ಕಟ್ಟುತ್ತಿರುವಾಗ, ಪಕ್ಕದಲ್ಲೇ ಮಟ್ಟಸವಾದ ನೆಲ ಕಂಡರೂ ಗೆರೆಯ ಮೇಲೆಯೇ ಸಾಗಬೇಕು. ಆಗದಿದ್ದರೆ ಇಳಿದು ಸೈಕಲ್ ತಳ್ಳಬೇಕು. ಅದಕ್ಕೂ ಗಟ್ಟಿ ಮನಸ್ಸು ಬೇಕು.

ಗೆಳೆಯರೇ, ಬೆಟ್ಟವೋ ಮರುಭೂಮಿಯೋ, ಎಲ್ಲಿ ಸವಾರಿ ಹೊರಟರೂ ದಾರಿ ಬಿಡಬೇಡಿ. ನಮ್ಮ ಹಿಂದೆ ಬರುವವರಿಗೂ ಆ ನೆಲ ಹಾಗೆಯೇ ಸಿಗಲಿ.